ಕೊರಿಯದ ಮರದ ಪೆಟ್ಟಿಗೆಗಳು: ರೀತಿಯೂ ಔಚಿತ್ಯವೂ

ಪೆಟ್ಟಿಗೆಗೂ ವಿಮರ್ಶೆಯುಂಟೇ ಎಂದು ಕೆಲವರು ಕೇಳಬಹುದು. ಕಾವ್ಯ, ನಾಟಕ, ಚಿತ್ರ, ಪ್ರತಿಮೆ ಇವುಗಳಿಗೆ ಗುಣದೋಷವಿಚಾರವು ಸಲ್ಲುವುದೇ ಹೊರತು, ಬಟ್ಟೆಬರೆಗಳನ್ನೂ ಕಾಗದಪತ್ರಗಳನ್ನೂ ತುಂಬಿಡುವ ಮರದ ಸಾಮಾನಿಗೆ ಅದು ಸಲ್ಲದೆಂಬುದು ಅವರ ಆಕ್ಷೇಪ. ಆದರೆ ಒಂದು ದೇಶದ ಜನರು ತಮಗೆ ಅತ್ಯಂತ ಬೆಲೆಯುಳ್ಳ ವಸ್ತುಗಳನ್ನು ಯಾವುದರಲ್ಲಿ ಇಟ್ಟು ಬೀಗ ಹಾಕಿದರೋ, ಅದನ್ನು ಮಾಡಿಸುವಾಗ ತಮ್ಮ ಬುದ್ಧಿಯನ್ನೂ ರುಚಿಯನ್ನೂ ಅದರ ಹೊರಗೆ ಬಿಟ್ಟಿರಲಾರರು. ಕವಿಯ ಶಬ್ದದಲ್ಲಿ ಹೇಗೋ ಹಾಗೆಯೇ ಬಡಗಿಯ ಹಲಗೆಯಲ್ಲಿಯೂ ಆಯ್ಕೆಯುಂಟು, ತ್ಯಾಗವುಂಟು, ಅತಿರೇಕವುಂಟು. ಇವು ಮೂರೂ ಇರುವ ಕಡೆಯಲ್ಲಿ ವಿಮರ್ಶೆಗೂ ಎಡೆಯುಂಟು.

ಕೊರಿಯ ದೇಶದ ಹಳೆಯ ಪೆಟ್ಟಿಗೆಗಳು ಈ ಮಾತಿಗೆ ಉತ್ತಮ ನಿದರ್ಶನಗಳು. ೧೩೯೨ ರಿಂದ ೧೯೧೦ ರವರೆಗೆ ಆ ದೇಶವನ್ನು ಆಳಿದ ಜೋಸನ್ ರಾಜವಂಶದ ಕಾಲದಲ್ಲಿ, ಅದರಲ್ಲಿಯೂ ಆ ಕಾಲದ ಉತ್ತರಾರ್ಧದಲ್ಲಿ, ನಿರ್ಮಿತವಾದ ಪೆಟ್ಟಿಗೆಗಳು ಇಂದು ಸಿಯೋಲ್ ನಗರದ ವಸ್ತುಸಂಗ್ರಹಾಲಯಗಳಲ್ಲಿಯೂ ದೇಶದೇಶಗಳ ರಸಿಕರ ಮನೆಗಳಲ್ಲಿಯೂ ಕಾಣಸಿಗುವುವು. ಅವುಗಳನ್ನು ಹೊಗಳಿದವರು ಅನೇಕರು. ಆದರೆ ಹೊಗಳಿಕೆಯೆಲ್ಲವೂ ವಿಮರ್ಶೆಯಲ್ಲ. ಕೆಲವರು ಊರಿನ ಹೆಸರನ್ನು ಕೇಳಿ ಪೆಟ್ಟಿಗೆಗೆ ಬೆಲೆ ಕಟ್ಟಿದರು. ಮತ್ತೆ ಕೆಲವರು ಪೆಟ್ಟಿಗೆಯಲ್ಲಿ ಒಂದು ಜನಾಂಗದ ಕಣ್ಣೀರನ್ನು ಕಂಡರು. ಇಬ್ಬರೂ ಪೆಟ್ಟಿಗೆಯ ಮುಂದೆ ನಿಂತು ಬೇರೆಯದನ್ನು ನೋಡಿದವರೇ. ಅದರ ಸೊಗಸು ಎಲ್ಲಿದೆಯೆಂಬುದನ್ನು ಅದನ್ನೇ ಕೇಳಿ ತಿಳಿಯುವುದು ನ್ಯಾಯ.

ಪೆಟ್ಟಿಗೆಯನ್ನು ಅರಿಯುವ ಮುನ್ನ ಅದಿದ್ದ ಮನೆಯನ್ನು ಅರಿಯತಕ್ಕದ್ದು. ಕೊರಿಯದ ಹಳೆಯ ಮನೆಯ ನೆಲಕ್ಕೆ 'ಒಂದೊಲ್' ಎಂಬ ವ್ಯವಸ್ಥೆಯುಂಟು. ಅಡಿಗೆಯ ಒಲೆಯ ಹೊಗೆಯೂ ಕಾವೂ ನೆಲದ ಕಲ್ಲುಚಪ್ಪಡಿಗಳ ಕೆಳಗೆ ತೋಡಿದ ದಾರಿಗಳಲ್ಲಿ ಹರಿದು, ಮನೆಯ ಇನ್ನೊಂದು ಬದಿಯ ಹೊಗೆಗೂಡಿನಿಂದ ಹೊರಬೀಳುವುವು. ಚಪ್ಪಡಿಗಳ ಮೇಲೆ ಮಣ್ಣು ಸಾರಿಸಿ, ಅದರ ಮೇಲೆ ಎಣ್ಣೆ ಹಾಕಿದ ಕಾಗದವನ್ನು ಅಂಟಿಸಿರುವರು. ಚಳಿಗಾಲದಲ್ಲಿ ಬೆಚ್ಚಗಿರುವ ಈ ನೆಲದ ಮೇಲೆಯೇ ಜನರು ಕುಳಿತುಕೊಳ್ಳುವುದು, ಉಣ್ಣುವುದು, ಓದುವುದು, ಮಲಗುವುದು. ಕುರ್ಚಿಮಂಚಗಳ ಬಳಕೆ ಅಲ್ಲಿ ವಿರಳ. ನೆಲದ ಮೇಲೆ ಕುಳಿತವನ ಕಣ್ಣಿಗೆ ಎದುರಾಗಿ ಕಾಣುವಂತೆಯೂ, ಕುಳಿತಲ್ಲಿಂದಲೇ ಕೈಗೆ ನಿಲುಕುವಂತೆಯೂ ಪೆಟ್ಟಿಗೆಗಳನ್ನು ಗಿಡ್ಡವಾಗಿ ಮಾಡಿದರು. ಕಾದ ನೆಲವು ಮರವನ್ನು ಒಣಗಿಸಿ ಸೀಳದಂತೆ ಅವುಗಳಿಗೆ ಕಾಲುಗಳನ್ನಿಟ್ಟು, ಅಡಿಯಲ್ಲಿ ಗಾಳಿಯಾಡಲು ಎಡೆ ಬಿಟ್ಟರು.

ಅಲ್ಲಿಯ ಹವೆಯು ಮರಕ್ಕೆ ದೊಡ್ಡ ಶತ್ರು. ಬೇಸಿಗೆಯ ನಡುವಿನಲ್ಲಿಯೇ ಮಳೆ ಸುರಿದು ಗಾಳಿಯೆಲ್ಲ ತೇವವಾಗುವುದು. ಚಳಿಗಾಲದಲ್ಲಿ ಹೊರಗೆ ನೀರು ಹೆಪ್ಪುಗಟ್ಟುತ್ತಿದ್ದರೆ ಒಳಗೆ ನೆಲದ ಕಾವಿನಿಂದ ಗಾಳಿ ಒಣಗುವುದು. ಮರವು ವರ್ಷಕ್ಕೊಮ್ಮೆ ಉಬ್ಬಿ ವರ್ಷಕ್ಕೊಮ್ಮೆ ಕುಗ್ಗುವುದು. ಅಗಲವಾದ ಹಲಗೆಯನ್ನು ನಾಲ್ಕು ಕಡೆಯೂ ಬಿಗಿದು ಅಂಟು ಹಾಕಿ ಕೂರಿಸಿದರೆ ಕೆಲವು ಚಳಿಗಾಲಗಳಲ್ಲಿಯೇ ಅದು ಬಿರಿಯುವುದು. ಆದುದರಿಂದ ಅಲ್ಲಿಯ ಬಡಗಿಯು ಬಲವಾದ ಮರದಿಂದ ಚೌಕಟ್ಟನ್ನು ಕಟ್ಟಿ, ಅದರ ಒಳಮೈಯಲ್ಲಿ ತೋಡು ತೆಗೆದು, ತೆಳುವಾದ ಹಲಗೆಯನ್ನು ಅಂಟಿಲ್ಲದೆ ಆ ತೋಡಿನಲ್ಲಿ ಸಡಿಲವಾಗಿ ಕೂರಿಸಿದನು. ಹಲಗೆಯು ಚೌಕಟ್ಟಿನೊಳಗೆ ಉಬ್ಬಲೂಬಹುದು, ಕುಗ್ಗಲೂಬಹುದು. ಪೆಟ್ಟಿಗೆಯ ಮುಖವನ್ನು ಇಂತಹ ಅನೇಕ ಚಿಕ್ಕ ಚೌಕಗಳಾಗಿ ವಿಭಾಗಿಸಿರುವುದು ನೋಡುವವನಿಗೆ ಕೇವಲ ಅಲಂಕಾರವಾಗಿ ತೋರುವುದು. ಅದರ ಮೂಲವು ಮರದ ಸ್ವಭಾವಕ್ಕೆ ಬಡಗಿಯು ಬಿಟ್ಟುಕೊಟ್ಟ ಎಡೆಯೇ ಆಗಿದೆ.

ಪೆಟ್ಟಿಗೆಗಳಲ್ಲಿ ಮುಖ್ಯವಾದ ಜಾತಿಗಳು ನಾಲ್ಕು. ಕಂಬಗಳು ಕೆಳಗಿನಿಂದ ಮೇಲಿನವರೆಗೆ ಒಂದೇ ಆಗಿ ಹರಿದು, ಎರಡು ಮೂರು ಅಂತಸ್ತುಗಳನ್ನು ಒಂದೇ ಶರೀರವಾಗಿ ಹೊತ್ತಿರುವುದು 'ಜಾಂಗ್'. ಒಂದೇ ಅಳತೆಯ ಬೇರೆ ಬೇರೆ ಪೆಟ್ಟಿಗೆಗಳನ್ನು ಒಂದರ ಮೇಲೊಂದಾಗಿ ಏರಿಸಿ, ಬೇಕಾದಾಗ ಬಿಡಿಸಿ ಒಯ್ಯಬಹುದಾದುದು 'ನೋಂಗ್'. ಮುಂಭಾಗದ ಮೇಲಿನ ಅರ್ಧ ಹಲಗೆ ಮಾತ್ರ ಕೀಲುಪಟ್ಟಿಗಳ ಮೇಲೆ ಕೆಳಕ್ಕೆ ಬಾಗಿ ತೆರೆಯುವುದು 'ಬಂದಾಜಿ'. ಅರ್ಧ ಮುಚ್ಚುವುದೆಂಬುದೇ ಆ ಹೆಸರಿನ ಅರ್ಥ. ಅಕ್ಕಿಯನ್ನು ತುಂಬಿಡುವ, ನಾಲ್ಕು ದಪ್ಪ ಕಂಬಗಳ ಮೇಲೆ ನಿಂತ ಗಡುಸಾದ ಪೆಟ್ಟಿಗೆ 'ದ್ವೀಜು'. ಇವುಗಳಲ್ಲಿ ಬಂದಾಜಿಯು ಬಡವ ಬಲ್ಲಿದರೆಂಬ ಭೇದವಿಲ್ಲದೆ ಮನೆಮನೆಗಳಲ್ಲಿ ಹರಡಿದ್ದಿತು. ಬಟ್ಟೆ, ಪುಸ್ತಕ, ದಾಖಲೆ, ಹಿತ್ತಾಳೆಯ ಪಾತ್ರೆ ಎಲ್ಲವೂ ಅದರೊಳಗೆ; ಹಗಲಿನಲ್ಲಿ ಮಡಿಸಿದ ಹಾಸಿಗೆಯು ಅದರ ಮೇಲೆ. ಊರೂರಿನ ಕೈಗುಣವನ್ನು ತಿಳಿಯಬೇಕೆನ್ನುವವನಿಗೆ ಬಂದಾಜಿಗಿಂತ ಒಳ್ಳೆಯ ಗುರುವಿಲ್ಲ.

ಊರಿಗೂ ಕೃತಿಯ ಗುಣಕ್ಕೂ ಸಂಬಂಧವುಂಟೇ ಎಂಬ ಪ್ರಶ್ನೆಯು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಹೊಸದಲ್ಲ. ದಂಡಿಯು ವೈದರ್ಭ, ಗೌಡವೆಂದು ಎರಡು ಮಾರ್ಗಗಳನ್ನು ಹೇಳಿದನು. ಕವಿರಾಜಮಾರ್ಗವು ದಕ್ಷಿಣ, ಉತ್ತರವೆಂಬ ಮಾರ್ಗಭೇದವನ್ನು ವಿವರಿಸಿತು. ರೀತಿಯನ್ನೇ ಕಾವ್ಯದ ಆತ್ಮವೆಂದ ವಾಮನನು ವೈದರ್ಭೀ, ಗೌಡೀ, ಪಾಂಚಾಲೀ ಎಂದು ಮೂರನ್ನು ಹೆಸರಿಸಿ, ಅಲ್ಲಿಯೇ ಒಂದು ಶಂಕೆಯನ್ನೂ ಎತ್ತಿದನು: ದ್ರವ್ಯಗಳ ಗುಣವು ದೇಶದಿಂದ ದೇಶಕ್ಕೆ ಬೇರೆಯಾಗುವಂತೆ ಕಾವ್ಯದ ಗುಣವೂ ನೆಲದಿಂದ ಹುಟ್ಟುವುದೇ? ಹಾಗಲ್ಲ, ಆಯಾ ದೇಶಗಳ ಕವಿಗಳಲ್ಲಿ ಆ ರೀತಿಯು ಕಂಡುಬಂದುದರಿಂದ ಆ ಹೆಸರೇ ವಿನಾ ದೇಶವು ಕಾವ್ಯಕ್ಕೆ ಏನನ್ನೂ ಕೊಡುವುದಿಲ್ಲವೆಂದು ಆತನ ಸಮಾಧಾನ. ಕುಂತಕನು ಇನ್ನೂ ಮುಂದೆ ಹೋಗಿ, ದೇಶಾಚಾರವೆಂಬುದು ವೃದ್ಧರ ವ್ಯವಹಾರಪರಂಪರೆಯನ್ನು ಮಾತ್ರ ಆಶ್ರಯಿಸಿರುವುದು, ಕಾವ್ಯವು ಕವಿಯ ಶಕ್ತಿಯನ್ನು ಆಶ್ರಯಿಸಿರುವುದು, ಆದುದರಿಂದ ದೇಶದ ಹೆಸರಿನಿಂದ ಮಾರ್ಗವನ್ನು ವಿಭಾಗಿಸುವುದು ಸಲ್ಲದೆಂದು ಖಂಡಿಸಿದನು.

ಈ ಎರಡು ನಿಷೇಧಗಳನ್ನೂ ಕೊರಿಯದ ಪೆಟ್ಟಿಗೆಯ ಮುಂದೆ ಇಟ್ಟು ನೋಡಿದರೆ ಒಂದು ವಿಶೇಷವು ಸ್ಫುರಿಸುವುದು. ಕಾವ್ಯಕ್ಕೆ ಯಾವುದು ಇಲ್ಲವೆಂದು ಅವರು ಹೇಳಿದರೋ ಅದು ಪೆಟ್ಟಿಗೆಗೆ ಉಂಟು. ಪೆಟ್ಟಿಗೆಯು ದ್ರವ್ಯವೇ, ಅದರ ಮರವು ನೆಲದಿಂದ ಹುಟ್ಟಿದುದು, ನೆಲದ ಗುಣವನ್ನು ಹೊತ್ತುಬಂದುದು. ಅದರ ಕೌಶಲವು ವೃದ್ಧವ್ಯವಹಾರವೇ. ತಂದೆಯ ಕೈಯನ್ನು ನೋಡಿ ಮಗನೂ, ಗುರುವಿನ ಕೈಯನ್ನು ನೋಡಿ ಶಿಷ್ಯನೂ ಕಲಿತುದು. ಹೀಗೆ ಕಾವ್ಯದಲ್ಲಿ ಉಪಚಾರಮಾತ್ರವಾದ ರೀತಿಭೇದವು ದಾರುಶಿಲ್ಪದಲ್ಲಿ ವಾಸ್ತವವಾಗುವುದು. ಯಾವ ಪೆಟ್ಟಿಗೆಯು ವೈದರ್ಭಿ, ಯಾವುದು ಗೌಡಿ ಎಂದು ಒಂದೊಂದಕ್ಕೂ ಹಣೆಪಟ್ಟಿ ಕಟ್ಟುವುದು ಪಾಂಡಿತ್ಯಪ್ರದರ್ಶನವಾದೀತು. ನೆಲವೂ ಕೈಯೂ ಕೂಡಿ ರೀತಿಯನ್ನು ಹೇಗೆ ಹುಟ್ಟಿಸಿದುವೆಂಬುದನ್ನು ನೋಡಿದರೆ ಸಾಕು.

ಉತ್ತರದ ಪ್ಯೊಂಗಾನ್ ಪ್ರಾಂತಕ್ಕೆ ಸೇರಿದ ಬಾಕ್‌ಚನ್ ಎಂಬ ಊರಿನ ಬಂದಾಜಿಯು ಮೊದಲ ನೋಟಕ್ಕೆ ಕಬ್ಬಿಣದ ಪೆಟ್ಟಿಗೆಯೇ ಎಂಬ ಭ್ರಾಂತಿಯನ್ನುಂಟುಮಾಡುವುದು. ಅದರ ಮುಖದ ಬಹುಭಾಗವನ್ನು ತೆಳುವಾದ ಕಬ್ಬಿಣದ ತಗಡುಗಳು ಆವರಿಸಿರುವುವು. ಆ ತಗಡುಗಳ ತುಂಬ ಜಾಲಂದ್ರದಂತೆ ಚುಚ್ಚಿ ಕತ್ತರಿಸಿದ ಚಿತ್ತಾರ. ಈ ತೂತುಗಳಿಂದಲೇ ಜನರು ಅದಕ್ಕೆ 'ಸುಂಗ್‌ಸುಂಗಿ' ಎಂದು ಅಡ್ಡಹೆಸರಿಟ್ಟರು. ಇಷ್ಟು ಲೋಹವೇಕೆ ಎಂದು ಕೇಳಿದರೆ ಮರವೇ ಉತ್ತರ ಹೇಳುವುದು. ಆ ಪೆಟ್ಟಿಗೆಯ ಮರವು ಉತ್ತರದ ಕಾಡುಗಳಲ್ಲಿ ಬೆಳೆಯುವ ಲಿಂಡನ್. ಅದು ಹಗುರ, ಮೃದು, ಸಮಮೈ. ಕಣ್ಣಿಗೆ ಹಿಡಿಸುವ ಎಳೆಯ ಬೆಡಗು ಅದರಲ್ಲಿಲ್ಲ. ಮೆದುವಾದ ಮರದ ಮೂಲೆಗಳಿಗೂ ಬೀಗದ ಎಡೆಗೂ ಕಬ್ಬಿಣದ ಕಾಪು ಬೇಕು. ಬೋಳಾದ ಮುಖಕ್ಕೆ ಚಿತ್ರವೂ ಬೇಕು. ಎರಡು ಬೇಡಿಕೆಗಳನ್ನೂ ಒಂದೇ ತಗಡು ಪೂರೈಸಿತು. ಅಷ್ಟು ದಟ್ಟವಾದ ಅಲಂಕಾರವೂ ಭಾರವೆನಿಸದಿರುವುದಕ್ಕೆ ತೂತುಗಳೇ ಕಾರಣ. ಅವುಗಳ ಮೂಲಕ ಕೆಳಗಿನ ಮರದ ಬಣ್ಣವು ಇಣುಕುತ್ತ, ಕಪ್ಪಿಗೂ ಕೆಂಪಿಗೂ ಒಂದು ಸಂವಾದವನ್ನು ಹೂಡುವುದು.

ಅದೇ ಪ್ರಾಂತದ ಪ್ಯೊಂಗ್ಯಾಂಗ್ ನಗರದ ಪೆಟ್ಟಿಗೆಯಲ್ಲಿ ಕಬ್ಬಿಣದ ಸ್ಥಾನಕ್ಕೆ ಹಿತ್ತಾಳೆ ಮೊದಲಾದ ಹೊಳೆಯುವ ಲೋಹಗಳು ಬಂದಿರುವುವು. ತಗಡುಗಳು ದೊಡ್ಡವು, ಸಂಖ್ಯೆಯೂ ಹೆಚ್ಚು. ಸಿರಿವಂತ ನಗರದ ಸಂಭ್ರಮವು ಅದರಲ್ಲಿ ತುಂಬಿದೆಯೆಂಬುದು ನಿಜ. ಆದರೆ ಕೆಲವು ಪೆಟ್ಟಿಗೆಗಳಲ್ಲಿ ಲೋಹವು ಮರದ ಕೆಲಸವನ್ನು ಬಿಟ್ಟು ತನ್ನ ಕೆಲಸವನ್ನೇ ಮಾಡತೊಡಗಿರುವುದೂ ನಿಜ. ಮೂಲೆಯನ್ನು ಬಿಗಿಯದ ಮೂಲೆಕಟ್ಟು, ಯಾವ ಹಲಗೆಯನ್ನೂ ಹಿಡಿಯದ ಮೊಳೆಯ ತಲೆ, ಇವು ಯಮಕಕ್ಕಾಗಿ ಅರ್ಥವನ್ನು ಬಲಿಗೊಟ್ಟ ಪದ್ಯದಂತೆ ಕಣ್ಣನ್ನು ಬೆರಗುಗೊಳಿಸಿ ಮನಸ್ಸನ್ನು ಬರಿದಾಗಿ ಬಿಡುವುವು. ಬಾಕ್‌ಚನ್ನಿನ ಅಲಂಕಾರವು ಅಂಗಿಯ ಅಗತ್ಯದಿಂದ ಮೊಳೆತುದು. ಪ್ಯೊಂಗ್ಯಾಂಗಿನ ಅಲಂಕಾರವು ಎಷ್ಟೋ ವೇಳೆ ಅಂಗವನ್ನು ಮರೆತುದು.

ಹಾನ್ ನದಿಯು ಸಮುದ್ರವನ್ನು ಸೇರುವೆಡೆಯಲ್ಲಿರುವ ಗಂಗ್‌ಹ್ವಾ ದ್ವೀಪದ ಬಂದಾಜಿಗೆ ಮಧ್ಯಕೊರಿಯದಲ್ಲಿ ದೊಡ್ಡ ಹೆಸರು. ಅದರ ಹಲಗೆಯು ದಪ್ಪ, ಕೂಡಿಕೆಯು ಬಿಗಿ, ಕಬ್ಬಿಣವು ಗಟ್ಟಿ. ಕೀಲುಪಟ್ಟಿಗಳನ್ನು ಸೋರೆಬುರುಡೆಯ ಆಕಾರದಲ್ಲಿ, ನಡುವೆ ಸಣ್ಣಗೆ ಕೆಳಗೆ ಮೇಲೆ ಉಬ್ಬಾಗಿ, ಕತ್ತರಿಸಿರುವರು. ಲೋಹವು ಇಲ್ಲಿಯೂ ಕಡಮೆಯಿಲ್ಲ; ಆದರೆ ಪ್ರತಿಯೊಂದು ತುಂಡೂ ತಾನಿರುವ ಜಾಗದಲ್ಲಿ ಯಾವುದೋ ಭಾರವನ್ನು ಹೊತ್ತಿರುವುದು. ಪೂರ್ವದ ಗುಡ್ಡಗಾಡಾದ ಗಂಗ್‌ವನ್ ಪ್ರಾಂತದಲ್ಲಿ ಪೈನ್ ಮರವು ಯಥೇಚ್ಛ. ಸಂಸ್ಕೃತದ ನಿಘಂಟುಗಳು ಸರಲವೆಂದು ಕರೆಯುವ ಮರದ ಬಳಗ ಅದು. ಅಲ್ಲಿಯ ಪೆಟ್ಟಿಗೆಯು ದಪ್ಪ ಹಲಗೆಯದು, ಅಗಲವಾದುದು, ಒರಟಾದುದು. ಮಾತು ಕಡಮೆ, ಮೈಕಟ್ಟು ಹೆಚ್ಚು. ನೈಋತ್ಯದ ಬಯಲುಸೀಮೆಯ ಜೊಲ್ಲಾ ಪ್ರಾಂತದಲ್ಲಿ ಲೋಹವು ಸಣ್ಣದಾಗಿ ಮರವು ಮುಂದೆ ಬರುವುದು. ಅಲ್ಲಿಯ ನಾಜು ಊರು ಊಟದ ಚಿಕ್ಕ ಮಣೆಮೇಜುಗಳಿಗೂ ಹೆಸರುವಾಸಿ. ಅವುಗಳಲ್ಲಿಯೂ ಕೆತ್ತನೆ ಕಡಮೆ, ಕಟ್ಟಡದ ಸ್ಪಷ್ಟತೆಯೇ ಚೆಲುವು. ತೀರ ದಕ್ಷಿಣದ ಜೇಜು ದ್ವೀಪದವರು ತಮ್ಮ ಭಾಷೆಯಲ್ಲಿ 'ಗುಲ್ಮುಗಿ' ಎಂದು ಕರೆಯುವ ಜೆಲ್ಕೋವ ಮರದಿಂದ ಪೆಟ್ಟಿಗೆಯನ್ನು ಮಾಡಿದರು. ಅದು ಗಡುಸು, ತೂಕ, ಬಾಳಿಕೆಗೆ ಹೆಸರಾದ ಮರ. ಎಳೆಗಳು ಮೋಡದಂತೆ ಸುರುಳಿ ಸುರುಳಿಯಾಗಿರುವುವು. ಇಂತಹ ಮೈಯುಳ್ಳ ಹಲಗೆಗೆ ತಗಡನ್ನು ಹೊದಿಸುವುದು ಸಹಜಸುಂದರಿಯ ಮುಖಕ್ಕೆ ಪರದೆ ಹಾಕಿದಂತೆ.

ದಕ್ಷಿಣದ ಕಡಲಕರೆಯ ತೊಂಗ್ಯೊಂಗ್ ಊರಿನ ಕಥೆಯು ಸ್ವಲ್ಪ ಬೇರೆ. ೧೬೦೪ ರಲ್ಲಿ ಮೂರು ಪ್ರಾಂತಗಳ ನೌಕಾಬಲದ ಮುಖ್ಯ ಠಾಣ್ಯವು ಅಲ್ಲಿಗೆ ಬಂದಿತು. ಸೈನ್ಯದ ಜೊತೆಯಲ್ಲಿ ಕುಶಲಕರ್ಮಿಗಳ ಕಾರ್ಖಾನೆಗಳೂ ಬೆಳೆದುವು. ಹನ್ನೆರಡು ಕಾರ್ಖಾನೆಗಳೆಂದೇ ಅವು ಪ್ರಸಿದ್ಧ. ೧೮೯೫ ರಲ್ಲಿ ಠಾಣ್ಯವು ಮುಚ್ಚಿದರೂ ಕೈಗಳು ಕೆಲಸವನ್ನು ಬಿಡಲಿಲ್ಲ. ಕಡಲು ಕೊಟ್ಟ ಚಿಪ್ಪಿನ ಹೊಳೆಯುವ ಪದರವನ್ನು ಕೂದಲಿನಷ್ಟು ಸಣ್ಣಗೆ ಕತ್ತರಿಸಿ, ಮರದ ಹಾಲಿನಿಂದ ಮಾಡಿದ ಕಪ್ಪು ಮೆರುಗಿನಲ್ಲಿ ಕೂರಿಸುವ ವಿದ್ಯೆಗೆ ಆ ಊರು ಇಂದಿಗೂ ತವರು. ಇಲ್ಲಿ ರೀತಿಯನ್ನು ಹುಟ್ಟಿಸಿದುದು ನೆಲದ ಮರವಷ್ಟೇ ಅಲ್ಲ. ಕಡಲಿನ ಚಿಪ್ಪೂ ರಾಜಾಜ್ಞೆಯೂ ಅದರಲ್ಲಿ ಸೇರಿರುವುವು. ದೇಶವೆಂದರೆ ಮಣ್ಣು ಮಾತ್ರವಲ್ಲವೆಂಬ ಎಚ್ಚರವನ್ನು ತೊಂಗ್ಯೊಂಗ್ ವಿಮರ್ಶಕನಿಗೆ ಕೊಡುವುದು.

ಒಂದೇ ಊರಿನಲ್ಲಿಯೂ ಒಂದೇ ಮನೆಯಲ್ಲಿಯೂ ಪೆಟ್ಟಿಗೆಗಳು ಒಂದೇ ಬಗೆಯಾಗಿರಲಿಲ್ಲ. ಜೋಸನ್ ಕಾಲದ ಉಳ್ಳವರ ಮನೆಯಲ್ಲಿ ಗಂಡಸರ ಹೊರಕೋಣೆಯೂ ಹೆಂಗಸರ ಒಳಕೋಣೆಯೂ ಬೇರೆ ಬೇರೆ. ಕನ್‌ಫ್ಯೂಷಿಯಸನ ಧರ್ಮವನ್ನು ಓದಿ ಬಾಳುವ ಗೃಹಸ್ಥನ ಕೋಣೆಯಲ್ಲಿ ಮೆರುಗು ಮಿರುಗು ಸಲ್ಲದು. ಅಲ್ಲಿಯ ಪುಸ್ತಕದ ಪೆಟ್ಟಿಗೆಗೆ ಹಗುರವೂ ತೇವಕ್ಕೆ ಜಗ್ಗದುದೂ ಆದ ಪಾಲೋನಿಯ ಮರವನ್ನು ಬಳಸಿದರು. ಕಾದ ಕಬ್ಬಿಣದಿಂದ ಅದರ ಮೈಯನ್ನು ಸುಟ್ಟು, ಹುಲ್ಲಿನ ಕುಚ್ಚಿನಿಂದ ತಿಕ್ಕಿದರೆ ಮೃದುವಾದ ಭಾಗವು ಉದುರಿ ಗಡುಸಾದ ಎಳೆಗಳು ಎದ್ದುನಿಲ್ಲುವುವು. ಬಣ್ಣವು ಮಬ್ಬಾಗಿ, ಹೊಳಪು ಹೋಗಿ, ಮರವು ತಪಸ್ವಿಯಂತೆ ಕಾಣುವುದು. ಒಳಕೋಣೆಯ ಪೆಟ್ಟಿಗೆಗಳಲ್ಲಿ ಬೇರೊಂದು ಭಾವ. ಅಲ್ಲಿ ಚಿಟ್ಟೆಯ ಆಕಾರದ ಕೀಲುಪಟ್ಟಿಯು ದಾಂಪತ್ಯಸುಖವನ್ನು ಹಾರೈಸುವುದು; ಬಾವಲಿಯ ಹೆಸರಿನ ಉಚ್ಚಾರವು ಭಾಗ್ಯವೆಂಬ ಪದದ ಉಚ್ಚಾರಕ್ಕೆ ಹೊಂದುವುದರಿಂದ ಬಾವಲಿಯೂ ಶುಭಚಿಹ್ನೆ. ಬೀಗವು ಮೀನಿನ ಆಕಾರದ್ದು. ಮೀನು ಕಣ್ಣು ಮುಚ್ಚದೆ ನಿದ್ರಿಸುವುದರಿಂದ ಅದಕ್ಕಿಂತ ಒಳ್ಳೆಯ ಕಾವಲುಗಾರನಿಲ್ಲ. ಬೌದ್ಧಧರ್ಮದೊಡನೆ ಭರತಖಂಡದಿಂದ ಹೊರಟು ಚೀನದ ಮಾರ್ಗವಾಗಿ ಅಲ್ಲಿಗೆ ತಲಪಿದ ಸ್ವಸ್ತಿಕವೂ ಈ ತಗಡುಗಳಲ್ಲಿ ಕಾಣುವುದು.

ಕ್ಷೇಮೇಂದ್ರನು ಔಚಿತ್ಯವನ್ನು ಕಾವ್ಯದ ಜೀವಿತವೆಂದು ಕರೆದು, ಕೊರಳಿಗೆ ಒಡ್ಯಾಣವನ್ನೂ ನಡುವಿಗೆ ಹಾರವನ್ನೂ ತೊಟ್ಟವರು ನಗೆಗೀಡಾಗುವರೆಂದು ತಿಳಿಸಿದನು. ಕೊರಿಯದ ಬಡಗಿಯು ಕ್ಷೇಮೇಂದ್ರನನ್ನು ಬಲ್ಲವನಲ್ಲ. ಆದರೆ ಆ ಸೂತ್ರವನ್ನು ಆತನ ಉಳಿಯು ಬಲ್ಲುದು. ಚೌಕಟ್ಟಿಗೆ ಬಲವಾದ ಮರ, ಹಲಗೆಗೆ ಬೆಡಗಿನ ಮರ. ಒಂದೇ ಮರದ ತುಂಡನ್ನು ಸೀಳಿ ಪುಸ್ತಕದಂತೆ ತೆರೆದು ಎಡಬಲಗಳಲ್ಲಿ ಕೂರಿಸಿದಾಗ ಎಳೆಗಳು ಕನ್ನಡಿಯ ಪ್ರತಿಬಿಂಬದಂತೆ ಒಂದನ್ನೊಂದು ನೋಡುವುವು. ಕರಿಮರದ ಕುಲಕ್ಕೆ ಸೇರಿದ ಪರ್ಸಿಮನ್ನಿನ ಹಳೆಯ ಮರದ ತಿರುಳಿನಲ್ಲಿ ಕೆಲವು ವೇಳೆ ಮಸಿ ಚೆಲ್ಲಿದಂತಹ ಕರಿಯ ಪಟ್ಟೆಗಳು ಮೂಡುವುವು. ಅಂತಹ ಹಲಗೆಗಳು ದೊರೆತಾಗ ಬಡಗಿಯು ಕೆತ್ತನೆಯನ್ನು ತೊರೆದು, ಮರವೇ ಬರೆದ ಬೆಟ್ಟ ಮೋಡಗಳ ಚಿತ್ರಕ್ಕೆ ಚೌಕಟ್ಟನ್ನು ಮಾತ್ರ ಕಟ್ಟಿದನು. ಎಲ್ಲಿ ಸುಮ್ಮನಿರಬೇಕೆಂಬುದನ್ನು ಅರಿತ ಕೈ ಅದು.

ಇಂತಹ ಪೆಟ್ಟಿಗೆಗಳ ಗುಣವನ್ನು ಹೊರದೇಶಗಳಿಗೆ ಸಾರಿದವರಲ್ಲಿ ಜಪಾನಿನ ಯಾನಗಿ ಮುನೆಯೋಶಿಯು ಅಗ್ರಗಣ್ಯನು. ಆತನು ೧೯೧೬ ರಲ್ಲಿ ಮೊದಲ ಸಲ ಕೊರಿಯವನ್ನು ಕಂಡನು. ಆಗ ಕೊರಿಯವು ಜಪಾನಿನ ಆಳ್ವಿಕೆಗೆ ಸಿಕ್ಕಿ ಆರು ವರ್ಷಗಳಾಗಿದ್ದುವು. ಆಳುವವರ ಜನಾಂಗಕ್ಕೆ ಸೇರಿದವನಾದರೂ ಆತನು ಆಳಿಸಿಕೊಳ್ಳುವವರ ಕಲೆಯನ್ನು ಗೌರವದಿಂದ ನೋಡಿದನು; ೧೯೧೯ ರ ಸ್ವಾತಂತ್ರ್ಯಚಳವಳಿಯನ್ನು ಅಡಗಿಸಿದಾಗ ಕೊರಿಯನ್ನರ ಪರವಾಗಿ ಬರೆದನು; ೧೯೨೨ ರಲ್ಲಿ ಸಿಯೋಲಿನ ಅರಮನೆಯ ಗ್ವಾಂಗ್‌ಹ್ವಾಮುನ್ ಮಹಾದ್ವಾರವನ್ನು ಕೆಡಹುವ ಯೋಚನೆಯನ್ನು ಪ್ರತಿಭಟಿಸಿದನು; ೧೯೨೪ ರಲ್ಲಿ ಅದೇ ಅರಮನೆಯ ಆವರಣದಲ್ಲಿ ಕೊರಿಯದ ಜನಕಲೆಯ ವಸ್ತುಸಂಗ್ರಹಾಲಯವನ್ನು ತೆರೆದನು. ಆ ಕಾರ್ಯದಲ್ಲಿ ಆತನಿಗೆ ಬಲಗೈಯಾಗಿದ್ದವನು ಅಸಕಾವ ತಕುಮಿ. ಅರಣ್ಯದ ಇಲಾಖೆಯಲ್ಲಿ ಕೆಲಸದಲ್ಲಿದ್ದ ಈ ಜಪಾನೀಯನು ಕೊರಿಯದ ಭಾಷೆಯನ್ನು ಕಲಿತು, ಅಲ್ಲಿಯ ಉಡುಗೆಯನ್ನುಟ್ಟು, ೧೯೨೯ ರಲ್ಲಿ ಊಟದ ಮಣೆಮೇಜುಗಳ ಮೇಲೆ ಒಂದು ಪುಸ್ತಕವನ್ನು ಬರೆದನು; ೧೯೩೧ ರಲ್ಲಿ ತೀರಿಕೊಂಡು ಕೊರಿಯದ ಮಣ್ಣಿನಲ್ಲಿಯೇ ಸಮಾಧಿಯಾದನು. ಇವರ ಉಪಕಾರವನ್ನು ಮರೆಯುವುದು ಕೃತಘ್ನತೆ.

ಆದರೂ ಉಪಕಾರಿಯ ಮಾತೆಲ್ಲವೂ ಪ್ರಮಾಣವಾಗಲಾರದು. ಕೊರಿಯದ ಕಲೆಯ ಸೌಂದರ್ಯವು ದುಃಖದ ಸೌಂದರ್ಯವೆಂದೂ, ಮೇಲಿಂದ ಮೇಲೆ ಪರರ ದಾಳಿಗೆ ತುತ್ತಾದ ಜನರ ಶೋಕವೇ ಅಲ್ಲಿಯ ರೇಖೆಗಳಲ್ಲಿ ಹರಿದಿದೆಯೆಂದೂ ಯಾನಗಿಯು ಪ್ರತಿಪಾದಿಸಿದನು. ಕೇಳಲು ಇದು ಕರುಣಾರ್ದ್ರವಾದ ಮಾತು. ಆದರೆ ಅಳುವವನ ಮುಂದೆ ನಿಂತವನಿಗೆ ಅಳುವು ಮಾತ್ರ ಕಾಣುವುದೆಂಬ ದೋಷವೂ ಇದರಲ್ಲಿದೆ. ಆಳಿಸಿಕೊಳ್ಳುವವರನ್ನು ಶೋಕಮೂರ್ತಿಗಳೆಂದು ಚಿತ್ರಿಸಿದರೆ ಅವರ ಬುದ್ಧಿ, ಲೆಕ್ಕಾಚಾರ, ನಗು, ಹಟ ಇವೆಲ್ಲ ಮರೆಯಾಗುವುವು. ಮುಂದೆ ಸ್ವತಂತ್ರರಾದ ಕೊರಿಯನ್ನರಲ್ಲಿಯೇ ಅನೇಕ ವಿಮರ್ಶಕರು ಇದನ್ನು ಆಕ್ಷೇಪಿಸಿರುವರು. ಆ ದೇಶದ ಕಲಾಚರಿತ್ರೆಗೆ ತಳಹದಿ ಹಾಕಿದ ಕೋ ಯೂ ಸೋಪ್ ಎಂಬ ವಿದ್ವಾಂಸನು ೧೯೪೪ ರಲ್ಲಿ ಅಲ್ಪವಯಸ್ಸಿನಲ್ಲಿಯೇ ತೀರಿಕೊಳ್ಳುವ ಮುನ್ನ, ಕೌಶಲವು ತೋರಿಸಿಕೊಳ್ಳದೆ ಅಡಗಿರುವ ಗುಣವನ್ನು ತನ್ನ ನಾಡಿನ ಕಲೆಯ ಲಕ್ಷಣವಾಗಿ ಎತ್ತಿಹಿಡಿದಿದ್ದನು.

ಶೋಕವು ಮರದಲ್ಲಿದೆಯೋ, ಮರವನ್ನು ನೋಡುವವನ ನೆನಪಿನಲ್ಲಿದೆಯೋ ಎಂಬುದನ್ನು ನಿರ್ಣಯಿಸಲು ಒಂದು ನಿದರ್ಶನವು ಸಾಕು. ೧೭೬೨ ರಲ್ಲಿ ಯೊಂಗ್‌ಜೋ ಎಂಬ ದೊರೆಯು ತನ್ನ ಮಗನೂ ಯುವರಾಜನೂ ಆದ ಸಾದೋನನ್ನು ಬೇಸಗೆಯ ಬಿಸಿಲಿನಲ್ಲಿ ಅಕ್ಕಿಯ ಪೆಟ್ಟಿಗೆಯೊಳಗೆ ಇಳಿಸಿ ಮುಚ್ಚಳವನ್ನು ಬಿಗಿಸಿದನು. ಎಂಟು ದಿನಗಳಲ್ಲಿ ಇಪ್ಪತ್ತೇಳರ ಹರೆಯದ ಆ ರಾಜಕುಮಾರನು ಅದರಲ್ಲಿಯೇ ಪ್ರಾಣಬಿಟ್ಟನು. ಆತನ ಪತ್ನಿಯಾದ ಹ್ಯೆಗ್ಯೊಂಗ್ ದೇವಿಯು ಮುಪ್ಪಿನಲ್ಲಿ ಬರೆದ ಆತ್ಮಕಥನವು ಕೊರಿಯದ ಗದ್ಯಸಾಹಿತ್ಯದ ಒಂದು ಮಹಾಕೃತಿ. ಆ ದೇಶದ ಚರಿತ್ರೆಯಲ್ಲಿ ಯಾವ ಪೆಟ್ಟಿಗೆಗಾದರೂ ಶೋಕದ ಹಕ್ಕಿದ್ದರೆ ಅದು ದ್ವೀಜುವಿಗೆ ಮಾತ್ರ. ಆದರೆ ವಸ್ತುಸಂಗ್ರಹಾಲಯದಲ್ಲಿ ನಿಂತ ದ್ವೀಜುವನ್ನು ನೋಡಿದರೆ ಅಲ್ಲಿ ಶೋಕದ ಒಂದು ಗೆರೆಯೂ ಇಲ್ಲ. ನಾಲ್ಕು ಕಂಬಗಳು ದಪ್ಪವಾಗಿರುವುದು ಧಾನ್ಯದ ಭಾರಕ್ಕಾಗಿ. ಕಾಲುಗಳು ಎತ್ತರವಾಗಿರುವುದು ತೇವಕ್ಕೂ ಇಲಿಗೂ ಹೆದರಿ. ಮುಚ್ಚಳದ ಮುಂಭಾಗ ಮಾತ್ರ ತೆರೆಯುವುದು ಅಳೆಯುವ ಕೈಗೆ ಅನುಕೂಲವಾಗಲೆಂದು. ಬಡಗಿಯು ಅಕ್ಕಿಯನ್ನು ನೆನೆದು ಅದನ್ನು ಮಾಡಿದನು. ಸಾವನ್ನು ಅದರೊಳಗೆ ಇಟ್ಟವನು ದೊರೆ. ಚರಿತ್ರೆಯ ದುಃಖವನ್ನು ಶಿಲ್ಪದ ಗುಣವೆಂದು ಹೇಳುವುದು ದೊರೆಯ ಕೃತ್ಯವನ್ನು ಬಡಗಿಯ ಲೆಕ್ಕಕ್ಕೆ ಬರೆದಂತೆ.

ಯಾನಗಿಯ ಮತ್ತೊಂದು ಸಿದ್ಧಾಂತವು ಇನ್ನೂ ಹೆಚ್ಚು ಜನರನ್ನು ಮರುಳುಗೊಳಿಸಿದೆ. ಹೆಸರಿಲ್ಲದ ಕೈಗಳು, ತಾವು ಸೌಂದರ್ಯವನ್ನು ಸೃಷ್ಟಿಸುತ್ತಿರುವೆವೆಂಬ ಅರಿವೇ ಇಲ್ಲದೆ, ನಿತ್ಯೋಪಯೋಗಕ್ಕಾಗಿ ಮಾಡಿದ ವಸ್ತುವಿನಲ್ಲಿಯೇ ನಿಜವಾದ ಚೆಲುವಿರುವುದೆಂಬುದು ಅದರ ಸಾರ. ನಿತ್ಯೋಪಯೋಗದ ಮಾತು ಒಪ್ಪತಕ್ಕದ್ದೇ. ಆದರೆ ಅರಿವಿಲ್ಲವೆಂಬುದು ಹೇಗೆ? ಸುರುಳಿ ಎಳೆಯ ಹಲಗೆಗೆ ತಗಡನ್ನು ಕಡಮೆ ಮಾಡಿ, ಬೋಳು ಹಲಗೆಗೆ ಹೆಚ್ಚಿಸಿದ ಕೈಗೆ ಅರಿವಿಲ್ಲವೆನ್ನಬಹುದೇ? ಬಡಗಿಯ ಹೆಸರು ಉಳಿಯದಿರುವುದಕ್ಕೆ ಕಾರಣ ಆತನ ಮುಗ್ಧತೆಯಲ್ಲ. ಜೋಸನ್ ಕಾಲದ ಸಮಾಜವು ವಿದ್ವಾಂಸ, ರೈತ, ಕುಶಲಕರ್ಮಿ, ವರ್ತಕ ಎಂಬ ಅನುಕ್ರಮದಲ್ಲಿ ಜನರನ್ನು ನಿಲ್ಲಿಸಿ, ಕೈಕೆಲಸದವನನ್ನು ಕೆಳಗಿರಿಸಿತು. ೧೪೮೫ ರಲ್ಲಿ ಜಾರಿಗೆ ಬಂದ ರಾಜ್ಯದ ಧರ್ಮಸಂಹಿ­ತೆಯು ರಾಜಧಾನಿಯ ಮತ್ತು ಪ್ರಾಂತಗಳ ಕುಶಲಕರ್ಮಿಗಳನ್ನು ಕಸುಬಿನ ಪ್ರಕಾರ ಎಣಿಸಿ ಬರೆದಿದೆ. ಅಲ್ಲಿ ಕಸುಬಿದೆ, ಸಂಖ್ಯೆಯಿದೆ, ಹೆಸರಿಲ್ಲ. ಪುಸ್ತಕದ ಪೆಟ್ಟಿಗೆಯಲ್ಲಿಟ್ಟ ಪುಸ್ತಕಕ್ಕೆ ಕರ್ತೃವಿನ ಹೆಸರುಂಟು, ಪೆಟ್ಟಿಗೆಗೆ ಇಲ್ಲ. ಈ ಅನ್ಯಾಯವನ್ನೇ ಸೌಂದರ್ಯದ ಮೂಲವೆಂದು ಕೊಂಡಾಡುವುದು ವಿಮರ್ಶಕನಿಗೆ ಶೋಭಿಸದು.

ಈ ಋಣದ ಸ್ವಲ್ಪ ಭಾಗವನ್ನು ಕೊರಿಯವು ಈಚೆಗೆ ತೀರಿಸಿದೆ. ದಕ್ಷಿಣ ಕೊರಿಯವು ೧೯೬೨ ರಲ್ಲಿ ಮಾಡಿದ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಯ ಶಾಸನವು ವಸ್ತುಗಳನ್ನು ಮಾತ್ರವಲ್ಲದೆ ವಿದ್ಯೆಗಳನ್ನೂ ಕಾಪಾಡತಕ್ಕವುಗಳೆಂದು ಪರಿಗಣಿಸಿತು. ಅದರ ಮೇರೆಗೆ ಪೆಟ್ಟಿಗೆ ಮೊದಲಾದುವನ್ನು ಮಾಡುವ ಸಣ್ಣಬಡಗಿತನವು ೧೯೭೫ ರಲ್ಲಿಯೂ, ಪೆಟ್ಟಿಗೆಯ ಲೋಹದ ಕೆಲಸವು ೧೯೮೦ ರಲ್ಲಿಯೂ ರಾಷ್ಟ್ರದ ಮಾನ್ಯತೆಯನ್ನು ಪಡೆದುವು. ಆ ವಿದ್ಯೆಗಳನ್ನು ಬಲ್ಲವರು ಈಗ ಹೆಸರಿನಿಂದ ಗೌರವಿಸಲ್ಪಡುತ್ತಿರುವರು. ಹೆಸರು ಬಂದ ಮಾತ್ರಕ್ಕೆ ಅವರ ಪೆಟ್ಟಿಗೆಯ ಚೆಲುವು ಕುಂದಿಲ್ಲವೆಂಬುದೇ ಯಾನಗಿಯ ಸಿದ್ಧಾಂತಕ್ಕೆ ಸಾಕಾದ ಉತ್ತರ.

ಆದರೆ ಪೆಟ್ಟಿಗೆಗಳು ಮನೆಗಳನ್ನು ಬಿಟ್ಟುಹೋಗಿರುವುವು. ಕೊರಿಯನ್ನರಲ್ಲಿ ಬಹುಮಂದಿ ಈಗ ಬಹುಮಹಡಿಯ ಕಟ್ಟಡಗಳಲ್ಲಿ ವಾಸಿಸುವರು. ನೆಲವು ಇಂದಿಗೂ ಬೆಚ್ಚಗಿದ್ದರೂ ಕೆಳಗೆ ಹರಿಯುವುದು ಹೊಗೆಯಲ್ಲ, ಕೊಳವೆಯೊಳಗಿನ ಬಿಸಿನೀರು. ಬಟ್ಟೆಗೆ ಗೋಡೆಯ ಬೀರುಗಳು ಬಂದಿರುವುವು. ಬಂದಾಜಿಯು ಹಳೆಯ ವಸ್ತುಗಳ ಅಂಗಡಿಗೆ ಬಂದು ನಿಂತಾಗ ಕೊಳ್ಳುವವನು ಮೊದಲು ಕೇಳುವುದು ಊರಿನ ಹೆಸರನ್ನು. ಊರಿನ ಹೆಸರು ಬೆಲೆಯಾದ ಕೂಡಲೆ ಅದು ಗುಣವನ್ನು ಸೂಚಿಸುವ ಮಾತಾಗಿ ಉಳಿಯುವುದಿಲ್ಲ. ತಗಡು ಬದಲಾಗಬಲ್ಲುದು, ಹಳೆಯ ಮರಕ್ಕೆ ಹೊಸ ಕೀಲುಪಟ್ಟಿ ಬರಬಲ್ಲುದು. ಆದುದರಿಂದ ಲೋಹದ ಆಕಾರವೊಂದನ್ನೇ ನೋಡಿ ಇದು ಇಂತಹ ಊರಿನದೆಂದು ಹೇಳುವವನು ಬಟ್ಟೆಯನ್ನು ನೋಡಿ ಕುಲವನ್ನು ಹೇಳುವವನಂತೆ. ಮರದ ಜಾತಿ, ಹಲಗೆಯ ದಪ್ಪ, ಬೆರಳುಗಳನ್ನು ಹೆಣೆದಂತೆ ಕೂಡಿಸಿದ ಮೂಲೆಯ ಹಲ್ಲುಗಳು, ಹಿಂದಣ ಮೈ, ಒಳಗೆ ಅಂಟಿಸಿದ ಕಾಗದ, ಇವುಗಳನ್ನು ತೆರೆದು ನೋಡಿದವನಿಗೆ ಮಾತ್ರ ರೀತಿಯು ತನ್ನ ಗುಟ್ಟನ್ನು ಹೇಳುವುದು.

ಊರಿನ ಹೆಸರಿಗೆ ಇನ್ನೊಂದು ಭಾರವೂ ಸೇರಿದೆ. ೧೯೪೫ ರಲ್ಲಿ ಕೊರಿಯವು ಎರಡಾಯಿತು. ೧೯೫೦ ರಿಂದ ೧೯೫೩ ರವರೆಗಿನ ಯುದ್ಧವು ಆ ಗೆರೆಯನ್ನು ಗಟ್ಟಿಮಾಡಿತು. ಬಾಕ್‌ಚನ್, ಪ್ಯೊಂಗ್ಯಾಂಗ್‌ಗಳು ಗೆರೆಯ ಉತ್ತರಕ್ಕೆ ಉಳಿದುವು. ಸಿಯೋಲಿನಲ್ಲಿ ನಿಂತ ಬಾಕ್‌ಚನ್ನಿನ ಪೆಟ್ಟಿಗೆಯನ್ನು ನೋಡುವ ಕೊರಿಯನ್ನನು ಆ ಊರಿಗೆ ಹೋಗಿ ಅದರ ಮರವು ಬೆಳೆದ ಕಾಡನ್ನು ನೋಡಲಾರನು. ಇಲ್ಲಿ ನಿಜವಾಗಿಯೂ ದುಃಖವುಂಟು. ಆದರೆ ಅದು ಪೆಟ್ಟಿಗೆಯ ದುಃಖವಲ್ಲ, ಹೆಸರಿನ ದುಃಖ. ಇದನ್ನು ಬೇರ್ಪಡಿಸಿ ತಿಳಿದವನಿಗೆ ಪೆಟ್ಟಿಗೆಯ ಗುಣವೂ ಕಾಣುವುದು, ಜನರ ನೋವೂ ಅರ್ಥವಾಗುವುದು. ಬೆರಸಿದವನಿಗೆ ಎರಡೂ ಕೆಡುವುವು.

ಕಾವ್ಯದಲ್ಲಿ ರೀತಿಯನ್ನು ದೇಶಕ್ಕೆ ಕಟ್ಟಬಾರದೆಂದ ಪೂರ್ವಾಚಾರ್ಯರ ಮಾತು ಹುಸಿಯಲ್ಲ. ಅವರು ಕಾವ್ಯವನ್ನು ನೆಲದಿಂದ ಬಿಡಿಸಿದುದು ಕವಿಯ ಶಕ್ತಿಗೆ ಗೌರವ ಸಲ್ಲಲೆಂದು. ಪೆಟ್ಟಿಗೆಯ ವಿಮರ್ಶಕನು ಅದನ್ನು ನೆಲಕ್ಕೆ ಮರಳಿಸತಕ್ಕದ್ದು. ಅದೂ ಬಡಗಿಯ ಶಕ್ತಿಗೆ ಗೌರವ ಸಲ್ಲಲೆಂದೇ. ಯಾವ ಮರ ದೊರೆಯಿತು, ಎಂತಹ ಚಳಿ ಬಿದ್ದಿತು, ಯಾವ ಕೈ ಅದನ್ನು ಎತ್ತಬೇಕಾಗಿದ್ದಿತು ಎಂಬುದನ್ನು ಅರಿತಮೇಲೆಯೇ ಆತನು ಎಲ್ಲಿ ತಗಡನ್ನು ಇಟ್ಟನು, ಎಲ್ಲಿ ಬಿಟ್ಟನು ಎಂಬುದರ ಬೆಲೆಯು ತಿಳಿಯುವುದು. ಸಹೃದಯನು ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕುಳಿತುಕೊಳ್ಳಲಿ. ಅದನ್ನು ಮಾಡಿದವನು ಆ ಎತ್ತರದ ಕಣ್ಣಿಗಾಗಿಯೇ ಅದನ್ನು ಮಾಡಿದನು.